ಜಮಾನೂ ಬರೀರಿ, ಖರ್ಚೂ ಬರೀರಿ, ಶಿಲ್ಕು ಮಾತ್ರ ತೆಗೀಬೇಡಿ: ಗುಡ್ಡ ಜರಿದ ಮನೆಯ ಒಂದು ಪ್ರಕರಣ

ನಾನು ಆಪ್ತ ಸಲಹೆಗಾರ್ತಿ, ನನ್ನ ಹತ್ರ ಬಂದ ಒಂದು ಮನೆಯ ಕೇಸ್ ಇದು, ಬರೆಯೋಕೆ ಆ ಮನೆಯವ್ರ ಒಪ್ಪಿಗೆ ಇದೆ. ಊರು, ವಯಸ್ಸು, ಮನೆಲಿ ಎಷ್ಟು ಜನ, ಎಷ್ಟು ಎಕರೆ, ಇಂಥವನ್ನ ಗುರುತು ಸಿಗದ ಹಾಗೆ ಬದಲಾಯಿಸಿದೀನಿ. ಹೆಸರು ಇಡೋಕೂ ಹೋಗಿಲ್ಲ, ಅಣ್ಣ ಅಂತಲೇ ಬರೀತೀನಿ, ಯಾಕಂದ್ರೆ ತಮ್ಮನೂ ಈ ಕಥೆಲಿ ಬರ್ತಾನೆ, ಅಣ್ಣ ತಮ್ಮ ಅನ್ನೋದೇ ಇಲ್ಲಿ ಅರ್ಧ ವಿಷಯ.

2020ರ ಜನವರಿ ಕೊನೆ. ಅರೇಬಿಕಾ ಕಾಫಿ ಕೊಯ್ಲು ಮುಗಿಸೋ ಟೈಮು, ಆಗ ಬೆಳೆಗಾರರು ತೋಟ ಬಿಟ್ಟು ಪೇಟೆಗೆ ಬರೋದೇ ಕಷ್ಟ, ಅಂಥದ್ರಲ್ಲಿ ಇವ್ರು ಬೆಳಿಗ್ಗೆ ಹನ್ನೊಂದಕ್ಕೆ ನನ್ನ ರೂಮಲ್ಲಿ ಕೂತಿದ್ರು. ಹೆಂಡ್ತಿ ಕರ್ಕೊಂಡು ಬಂದಿದ್ದು. ಕೂರೋ ಮೊದ್ಲೇ ಆ ಅಕ್ಕ ಹೇಳಿದ್ರು, "ಮೇಡಂ, ಇವ್ರು ರಾತ್ರಿ ಮಲಗಲ್ಲ, ಟಾರ್ಚ್ ಹಿಡ್ಕೊಂಡು ಗೋಡೆ ನೋಡ್ತಾ ಕೂರ್ತಾರೆ."

ಗೋಡೆ ವಿಷಯ ಏನಂದ್ರೆ, 2019ರ ಆಗಸ್ಟಲ್ಲಿ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ಸೀಮೆಲಿ ಸುರಿದ ಮಳೆ ನೆನಪಿರಬಹುದು, ಚಾರ್ಮಾಡಿ ಘಾಟಿ ಬಂದ್ ಆಯ್ತಲ್ಲ, ಆ ಮಳೆಗೆ ಇವ್ರ ಮನೆ ಹಿಂದಿನ ಗುಡ್ಡ ಜರೀತು. ಮನೆ ಉಳೀತು, ನಡುಮನೆ ಗೋಡೆ ಬಿರುಕು ಬಿಡ್ತು. ಅವತ್ತಿಂದ ದಿನಾ ರಾತ್ರಿ ಬಿರುಕು ಎಲ್ಲಿಗೆ ಮುಗಿಯುತ್ತೋ ಅಲ್ಲಿ ಪೆನ್ಸಿಲಲ್ಲಿ ಒಂದು ಗೆರೆ ಹಾಕಿ ತಾರೀಖು ಬರೀತಿದ್ರು. ಆ ಅಕ್ಕ ಮೊಬೈಲಲ್ಲಿ ಫೋಟೋ ತೋರಿಸಿದ್ರು. ಸೆಪ್ಟೆಂಬರ್ ತನಕ ಗೆರೆಗಳು ಒಂದೊಂದೇ ಮುಂದೆ ಹೋಗಿವೆ, ಆಮೇಲೆ ಬಿರುಕು ನಿಂತುಬಿಟ್ಟಿದೆ, ಗೆರೆ ಹಾಕೋದು ಮಾತ್ರ ನಿಂತಿಲ್ಲ, ಗೆರೆ ಮೇಲೆ ಗೆರೆ ಬಿದ್ದು ಆ ಜಾಗದಲ್ಲಿ ಹೆಬ್ಬೆರಳಷ್ಟು ಕಪ್ಪು ಮಚ್ಚೆ ಆಗಿತ್ತು, ತಾರೀಖುಗಳು ಪಕ್ಕದ ಸುಣ್ಣದ ಮೇಲೆ ಇರುವೆ ಸಾಲಿನ ತರ ಹೋಗಿದ್ವು. ನಾನು ಆ ಫೋಟೋ ತುಂಬಾ ಹೊತ್ತು ನೋಡಿದೆ. ಇದು ಹುಚ್ಚಲ್ಲ, ಕಾವಲು. ಮನುಷ್ಯ ಐದು ತಿಂಗಳಿಂದ ಒಂದು ರಾತ್ರಿನೂ ಕಾವಲು ಬಿಟ್ಟಿಲ್ಲ.

ಕಳ್ಕೊಂಡಿದ್ದು ಏನು ಅಂತ ಕೇಳಿದೆ. ಅಪ್ಪ ನೆಟ್ಟಿದ್ದ ಒಂದೂವರೆ ಎಕರೆ ಅರೇಬಿಕಾ, ಕಾಫಿ ಒಣಗಿಸೋ ಕಣ, ಕೊಟ್ಟಿಗೆ, ಅದ್ರೊಳಗೆ ಎರಡು ಹಸು ಒಂದು ಕರು. ಉಳಿದ ಅರೇಬಿಕಾಕ್ಕೆ ಮೊದ್ಲಿಂದನೇ ಬೋರರ್ ಹೊಡೆದಿತ್ತು, ಬಿಳಿ ಕಾಂಡಕೊರಕ, ಗಿಡ ಹೊರಗಡೆಯಿಂದ ನೋಡೋಕೆ ಚೆನ್ನಾಗಿರುತ್ತೆ ಒಳಗಡೆ ಕಾಂಡ ಎಲ್ಲ ಸುರಂಗ, ಕಿತ್ತು ಸುಡೋದು ಬಿಟ್ರೆ ದಾರಿ ಇಲ್ಲ. ಇಷ್ಟನ್ನೂ ಬ್ಯಾಂಕಿಗೆ ವರದಿ ಒಪ್ಪಿಸೋ ಹಾಗೆ ಹೇಳಿ ಮುಗಿಸಿದ್ರು. ಕರು ವಿಷಯಕ್ಕೆ ಬಂದಾಗ ಮಾತ್ರ ಸ್ವರ ಹೋಯ್ತು.

ಮೊದಲ ದಿನನೇ ನಾನು ನೇರವಾಗಿ ಕೇಳೋ ಪ್ರಶ್ನೆ ಒಂದಿದೆ, ಜೀವ ಕಳ್ಕೊಳ್ಳೋ ಯೋಚನೆ ಬಂದಿದೆಯಾ ಅಂತ. ಕೇಳಿದ್ರೆ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅಂತ ತುಂಬಾ ಜನ ಹೆದರ್ತಾರೆ, ಹಾಗೇನಿಲ್ಲ, ಕೇಳಿದ್ರೆ ಹೆಚ್ಚಿನವ್ರಿಗೆ ಭಾರ ಇಳಿಯುತ್ತೆ. ಬಂದಿದೆ ಅಂದ್ರು. ಹೆಂಡ್ತಿಗೆ ಗೊತ್ತಿರ್ಲಿಲ್ಲ. ಅವತ್ತೇ ಮಾಡಿದ ಕೆಲಸ ಎರಡು: ತೋಟದ ಔಷಧಿ ಇಡೋ ರೂಮಿಗೆ ಬೀಗ ಹಾಕಿ ಬೀಗದಕೈ ಮನೆಯಿಂದ ಹೊರಗೆ ನಂಬಿಕಸ್ಥರ ಹತ್ರ ಕೊಡೋದು, ಮತ್ತೆ ಅದೇ ವಾರ ಮನೋವೈದ್ಯರ ಹತ್ರ ಹೋಗಿ ನಿದ್ದೆಗೆ, ಗಾಬರಿಗೆ ಔಷಧ ಶುರು ಮಾಡೋದು. ಮಾತುಕತೆ ಎಲ್ಲ ಆಮೇಲೆ. ನಿದ್ದೆ ಇಲ್ಲದವ್ರ ಹತ್ರ ಬದುಕಿನ ಅರ್ಥ ಮಾತಾಡೋದು ಹಸಿದವ್ರಿಗೆ ಅಡಿಗೆ ಕಲಿಸಿದ ಹಾಗೆ. (ಈಗ ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಅಂಥ ಯೋಚನೆ ಬರ್ತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ.)

ಎರಡನೇ ಸಿಟ್ಟಿಂಗಲ್ಲಿ ವಿಷಯ ಬಿಚ್ಚಿಕೊಳ್ತು. ಯಾರೂ ಬಂದು ಮಾತಾಡಿಸ್ಲಿಲ್ವಾ ಅಂದೆ. ಬಂದಿದ್ರು, ಎಲ್ರೂ ಬಂದಿದ್ರು ಮೇಡಂ, ಬಂದೋರೆಲ್ಲ ಒಂದೇ ಮಾತು, ಆಗೋದೆಲ್ಲ ಒಳ್ಳೇದಕ್ಕೇ, ಜೀವ ಉಳೀತಲ್ಲ ಅದೇ ಪುಣ್ಯ. ಒಬ್ಬ ನೆಂಟ ಅಂತೂ ಊಟದ ಎಲೆ ಮುಂದೆ ಕೂತು "ಒಂದು ಲೆಕ್ಕಕ್ಕೆ ಗುಡ್ಡ ಜರಿದಿದ್ದೇ ಒಳ್ಳೇದಾಯ್ತು ಬಿಡು, ಕೋರ್ಟು ಕೇಸು ಮುಗೀತು" ಅಂದನಂತೆ. ಇವ್ರು ಎಲೆ ಬಿಟ್ಟು ಎದ್ದು ಹೋದ್ರು. ಅವತ್ತಿಂದ ಯಾರ ಹತ್ರನೂ ಮಾತಿಲ್ಲ.

ಏನು ಕೇಸು? ಅಣ್ಣತಮ್ಮ ಪಾಲಾದಾಗ ಎರಡು ತೋಟದ ನಡುವೆ ಹನ್ನೆರಡು ಗುಂಟೆ ಪಟ್ಟಿ ಯಾರಿಗೆ ಅನ್ನೋದು ಬಗೆಹರಿಯಲಿಲ್ಲ. ಗಡಿ ಕಲ್ಲು ಒಬ್ಬ ಹಾಕೋದು ಇನ್ನೊಬ್ಬ ಕೀಳೋದು, ಬೇಲಿ, ಪೊಲೀಸು, ಸರ್ವೆ, ಕೊನೆಗೆ ತಮ್ಮ ಕೇಸ್ ಹಾಕಿದ. ಹನ್ನೆರಡು ವರ್ಷ ಮಾತಿಲ್ಲ, ಮಕ್ಕಳ ಮದುವೆಗೂ ಹೋಗಿಲ್ಲ, ಅಮ್ಮ ಅಣ್ಣನ ಮನೇಲಿ ಇದ್ಕೊಂಡು ತಮ್ಮನ ಮನೆ ದೀಪ ನೋಡ್ತಾ ಕೂರೋರು. ಆ ಆಗಸ್ಟ್ ರಾತ್ರಿ ರಸ್ತೆಗೆ ಮರ ಬಿದ್ದು ದಾರಿ ಇರ್ಲಿಲ್ಲ, ಕರೆಂಟಿಲ್ಲ, ಫೋನಿಲ್ಲ, ಹಿತ್ತಲಲ್ಲಿ ಕೆಂಪು ನೀರು ನುಗ್ತಿದೆ. ಆವಾಗ ಆ ಹನ್ನೆರಡು ಗುಂಟೆ ಪಟ್ಟಿ ಮೇಲೆ ಒಂದು ಟಾರ್ಚು ಬಂತು. ತಮ್ಮ ಬೇಲಿ ಕತ್ತರಿಸ್ಕೊಂಡು ಬಂದಿದ್ದ. ಒಂದು ಮಾತೂ ಆಡ್ಲಿಲ್ಲ, ಅಮ್ಮನ್ನ ಬೆನ್ನ ಮೇಲೆ ಹಾಕ್ಕೊಂಡ, "ಅಣ್ಣ, ನಡಿ" ಅಂದ. ಅಷ್ಟೇ. ಅವ್ರು ದಾಟಿ ಆ ಕಡೆ ಸೇರಿ ಗಂಟೆನೂ ಆಗಿರ್ಲಿಲ್ಲ, ಗುಡ್ಡ ಬಂತು, ಕೊಟ್ಟಿಗೆ ಹೋಯ್ತು, ಆ ಪಟ್ಟಿನೂ ಗಡಿ ಕಲ್ಲು ಸಮೇತ ಹಳ್ಳಕ್ಕೆ ಹೋಯ್ತು.

ನಾನು ಸುಮ್ನೆ ಕೂತಿದ್ದೆ. ಸ್ವಲ್ಪ ಹೊತ್ತಾದ್ಮೇಲೆ ಅವ್ರು ಕೇಳಿದ್ದು: "ಅವನು ಬಂದ ಅಂತ ನಾನು ಖುಷಿ ಪಟ್ರೆ, ಹಸುಗಳು ಹೂತು ಹೋಗಿದ್ದಕ್ಕೂ ಖುಷಿ ಪಟ್ಟ ಹಾಗಲ್ವಾ ಮೇಡಂ? ಕಟ್ಟಿದ ಹಗ್ಗ ಬಿಚ್ಚೋಕೂ ಆಗ್ಲಿಲ್ಲ ನಂಗೆ."

ಗಂಟು ಇದ್ದಿದ್ದು ಇಲ್ಲಿ. ಒಳ್ಳೇದು ಏನೋ ಒಂದು ಆಗಿದೆ, ಅದು ಅವ್ರಿಗೆ ಎಲ್ರಿಗಿಂತ ಚೆನ್ನಾಗಿ ಗೊತ್ತು, ಆದ್ರೆ ಅದನ್ನ ಒಪ್ಕೊಂಡ್ರೆ ಹೋಗಿದ್ದಕ್ಕೆ ದ್ರೋಹ ಮಾಡಿದ ಹಾಗೆ ಅನ್ಸುತ್ತೆ. ಬಂದೋರೆಲ್ಲ ಒಳ್ಳೇದಕ್ಕೇ ಅಂತ ಹೇಳಿ ಹೇಳಿ ಆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟಿದ್ರು, ಈ ಕಡೆ ತಮ್ಮ, ಆ ಕಡೆ ಕರು, ಈಗ ತೂಗು ಅಂತ. ಯಾರು ತೂಗ್ತಾರೆ ಅದನ್ನ?

ಅವ್ರು ತೋಟದ ಲೆಕ್ಕ ಇಟ್ಟು ಅಭ್ಯಾಸ ಇರೋರು, ಉದ್ದನೆ ಕೆಂಪು ರಟ್ಟಿನ ಪುಸ್ತಕ. ಹೊಸದೊಂದು ತಗೊಳಿ ಅಂದೆ. ಬಲಗಡೆ ಹಾಳೆಲಿ ಹೋಗಿದ್ದು ಬರೀರಿ, ಒಂದೊಂದೇ, ಹಸು ಬಣ್ಣ, ಕರು ಹುಟ್ಟಿದ ದಿನ, ಅಪ್ಪ ಯಾವ ವರ್ಷ ಯಾವ ಗಿಡ ನೆಟ್ಟಿದ್ದು, ಎಲ್ಲ. ಎಡಗಡೆ ಹಾಳೆ ಖಾಲಿ ಬಿಡಿ, ಏನಾದ್ರೂ ಬಂದಿದೆ ಅಂತ ನಿಮಗೇ ಅನ್ಸಿದ ದಿನ ಬರೀರಿ, ಅನ್ಸದಿದ್ರೆ ಖಾಲಿನೇ ಇರ್ಲಿ, ಯಾರಾದ್ರೂ ಹೇಳಿದ್ರು ಅಂತ ಬರೀಬೇಡಿ. ಜಮಾ ಖರ್ಚು ಎರಡೂ ಇರ್ಲಿ, ಶಿಲ್ಕು ಮಾತ್ರ, ಅಂದ್ರೆ ಬಂದಿದ್ರಲ್ಲಿ ಹೋಗಿದ್ದು ಕಳೆದು ಉಳಿದಿದ್ದೆಷ್ಟು ಅನ್ನೋದು, ಯಾವತ್ತೂ ತೆಗೀಬೇಡಿ. ಅವ್ರು ಮೊದಲ ಸಲ ನನ್ನ ಮುಖ ನೋಡಿದ್ರು. ಶಿಲ್ಕು ತೆಗೀದೆ ಲೆಕ್ಕ ಮುಗಿಯಲ್ವಲ್ಲ ಮೇಡಂ ಅಂದ್ರು. ಹೌದು, ಮುಗಿಯಲ್ಲ, ಮುಗಿಯೋದು ಬೇಡ ಅಂದೆ.

ಮನೆಯವ್ರಿಗೆ ಹೇಳಿದ್ದು ಬೇರೆ. ಒಳ್ಳೇದಕ್ಕೇ ಅನ್ನೋ ಮಾತು ಈ ಮನೇಲಿ ಒಂದು ವರ್ಷ ಬೇಡ. ಜೀವ ಉಳೀತಲ್ಲ ಅನ್ನೋದೂ ಬೇಡ, ಅದು ಅವ್ರಿಗೆ ಗೊತ್ತು. ಬದಲಿಗೆ ಏನು ಹೇಳ್ಬೇಕು ಅಂತ ಆ ಅಕ್ಕ ಕೇಳಿದ್ರು. ಏನೂ ಹೇಳ್ಬೇಡಿ, ರಾತ್ರಿ ಎದ್ದಾಗ ನೀವೂ ಎದ್ದು ಒಂದು ಲೋಟ ಕಾಫಿ ಮಾಡಿ ಪಕ್ಕ ಕೂತ್ಕೊಳಿ, ಕರು ವಿಷಯ ಅವ್ರು ಎತ್ತಿದ್ರೆ ಮಾತು ತಿರುಗಿಸ್ಬೇಡಿ, ಹೌದು, ಎಷ್ಟು ಚೆನ್ನಾಗಿತ್ತು ಅನ್ನಿ. ಗೋಡೆ ಗೆರೆ ಅಳಿಸೋಕೆ ಹೋಗ್ಬೇಡಿ ಅಂತಲೂ ಹೇಳಿದೆ. ಗೆರೆ ದಿನಕ್ಕೊಂದರಿಂದ ಎರಡು ದಿನಕ್ಕೊಂದು, ವಾರಕ್ಕೊಂದು ಹಾಗೆ ದೂರ ಮಾಡ್ಕೊಂಡು ಹೋಗೋದು ಅಂತ ಅಣ್ಣನ ಜೊತೆ ಒಪ್ಪಂದ ಆಗಿತ್ತು.

ಅಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನು. ಮುಂದಿನ ಎಂಟು ತಿಂಗಳು ಎಲ್ಲ ಫೋನಲ್ಲೇ, ನೆಟ್‌ವರ್ಕ್ ಸಿಗೋದು ತೋಟದ ಒಂದು ಬಂಡೆ ಮೇಲೆ ಮಾತ್ರ, ಅವ್ರು ಬಂಡೆ ಹತ್ತಿ ಕೂತು ಮಾತಾಡೋರು. ಫೋನಲ್ಲೇ ಅವ್ರು ಯಾರಿಗೂ ಹೇಳದ ಇನ್ನೊಂದು ವಿಷಯ ಬಂತು. 2019ರ ಬೇಸಿಗೆಲಿ ಕಣ ದೊಡ್ಡದು ಮಾಡೋಕೆ ಅಂತ ಜೆಸಿಬಿ ತರಿಸಿ ಗುಡ್ಡದ ಬುಡ ಕಡಿಸಿದ್ರು. "ನಾನೇ ಕೊಂದೆ ಮೇಡಂ."

ಇಂಥ ಕಡೆ ಸಲಹೆಗಾರರು ಬೇಗ "ಇಲ್ಲ ಇಲ್ಲ, ನಿಮ್ಮ ತಪ್ಪಲ್ಲ" ಅಂದುಬಿಡ್ತೀವಿ. ನಾನು ಅನ್ಲಿಲ್ಲ. 2018ರಲ್ಲಿ ಕೊಡಗಲ್ಲಿ ಗುಡ್ಡಗಳು ಜರಿದಾಗ ಭೂವಿಜ್ಞಾನಿಗಳು ಇಳಿಜಾರು ಕಡಿದಿದ್ದೂ ಒಂದು ಕಾರಣ ಅಂತ ಹೇಳಿದ್ರು, ಬುಡ ಕಡಿದ್ರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತೆ, ನೀರು ಕುಡಿದು ಭಾರ ಆದಾಗ ಇಳಿಯುತ್ತೆ. ಇದು ಅವ್ರಿಗೂ ಗೊತ್ತು. ಗೊತ್ತಿರೋ ಮನುಷ್ಯನಿಗೆ ಸುಳ್ಳು ಸಮಾಧಾನ ಹೇಳಿದ್ರೆ ಅವ್ರು ನಮ್ಮನ್ನ ನಂಬೋದು ಬಿಡ್ತಾರೆ. ಅದಕ್ಕೆ ಒಂದು ದೊಡ್ಡ ಅಕ್ಕಿರೊಟ್ಟಿ ಹಾಗೆ ವೃತ್ತ ಬರೀರಿ ಅಂದೆ, ಗುಡ್ಡ ಜರಿಯೋಕೆ ಯಾರ್ಯಾರ ಪಾಲು ಎಷ್ಟು ಅಂತ ಹಂಚಿ, ನಿಮ್ಮ ಪಾಲು ಕೊನೆಗೆ ಹಾಕಿ. ಮೊದಲ ಸಲ ಅವ್ರು ಇಡೀ ರೊಟ್ಟಿ ತಮಗೇ ಇಟ್ಕೊಂಡ್ರು. ಆಮೇಲೆ ಒಂದೊಂದೇ ಬಂತು, ಆ ನಾಲ್ಕು ದಿನದ ಮಳೆ, ಮೇಲಿನ ರಸ್ತೆ ಅಗಲ ಮಾಡಿದ್ದು, ಆ ರಸ್ತೆ ಚರಂಡಿ ನೀರು ನೇರ ಗುಡ್ಡಕ್ಕೆ ಬಿಟ್ಟಿದ್ದು, ಅಜ್ಜನ ಕಾಲದಲ್ಲಿ ಮೇಲಿನ ಕಾಡು ಕಡಿದಿದ್ದು. ಮೂರನೇ ಸಲ ಬರೆದಾಗ ಅವ್ರ ಪಾಲಿಗೆ ಉಳಿದಿದ್ದು ಕಾಲು ಭಾಗ. ಕಾಲು ರೊಟ್ಟಿ ನಂದೇ ಮೇಡಂ, ಅದನ್ನ ತಿಂತೀನಿ ಅಂದ್ರು. ಆ ಮಾತು ನನ್ನ ನೋಟ್ ಪುಸ್ತಕದಲ್ಲಿ ಹಾಗೇ ಇದೆ. ಮುಂದಿನ ಬೇಸಿಗೆಲಿ ಪಕ್ಕದ ಊರಲ್ಲಿ ಒಬ್ರು ಗುಡ್ಡ ಕಡಿಯೋಕೆ ಮಷಿನ್ ತರಿಸಿದಾಗ ಇವ್ರು ಹೋಗಿ ತಮ್ಮ ಕಥೆ ಪೂರ್ತಿ ಹೇಳಿ ನಿಲ್ಲಿಸಿ ಬಂದ್ರು.

ಜೂನಲ್ಲಿ ಮಳೆ ಶುರುವಾದಾಗ ಕಷ್ಟ ಆಯ್ತು, ಶೀಟ್ ಮೇಲೆ ಹನಿ ಬಿದ್ರೆ ಎದೆ ಹೊಡ್ಕೊಳ್ಳೋದು. ಮಳೆ ಸದ್ದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಬಿಸಿಲಿರೋ ಹೊತ್ತಲ್ಲಿ, ಹೆಂಡ್ತಿ ಪಕ್ಕ ಕೂತಿರೋವಾಗ, ಎರಡು ನಿಮಿಷ, ಐದು ನಿಮಿಷ, ಹತ್ತು ನಿಮಿಷ ಕೇಳೋದು, ಈ ತರ ನಿಧಾನಕ್ಕೆ. ಜೊತೆಗೆ ಒಂದು ನಿಯಮ: ನಿಜವಾದ ಅಪಾಯಕ್ಕೆ ಏನು ಮಾಡ್ಬೇಕು ಅಂತ ಬರೆದು ಗೋಡೆಗೆ ಅಂಟಿಸೋದು. ಹಿತ್ತಲ ನೀರು ಕೆಂಪಾದ್ರೆ, ನೆಲದಲ್ಲಿ ಹೊಸ ಬಿರುಕು ಬಂದ್ರೆ, ಮರಗಳು ವಾಲಿದ್ರೆ, ಅವತ್ತು ಯೋಚನೆ ಮಾಡದೆ ಮನೆ ಬಿಡೋದು, ಎಲ್ಲಿಗೆ ಹೋಗೋದು ಅನ್ನೋದೂ ಬರೆದಿತ್ತು. ಎಲ್ಲಿಗೆ? ತಮ್ಮನ ಮನೆಗೆ. ಅದನ್ನ ಅವ್ರೇ ಬರೆದಿದ್ದು, ನಾನು ಕೇಳಿರ್ಲಿಲ್ಲ.

ಆ ಹೊತ್ತಿಗೆ ಎಡಗಡೆ ಹಾಳೆ ಬಗ್ಗೆ ಒಂದಿನ ಅವ್ರೇ ಮಾತು ಎತ್ತಿದ್ರು. "ಸಿಲೋನಲ್ಲಿ ಎಲೆರೋಗ ಬಂದು ಕಾಫಿ ಪೂರ್ತಿ ಸತ್ತಿದ್ದಕ್ಕೇ ಅಲ್ವಾ ಮೇಡಂ ಅಲ್ಲಿ ಟೀ ಬಂದಿದ್ದು, ಹಾಗೆ ನೋಡಿದ್ರೆ ಆ ರೋಗನೂ ಒಳ್ಳೇದೇ." ಸಿಲೋನ್ ಅಂದ್ರೆ ಈಗಿನ ಶ್ರೀಲಂಕಾ, ಕಾಫಿಯವ್ರಿಗೆ ಈ ಕಥೆ ಬಾಯಿಪಾಠ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸ್ಕೊಳ್ತು, ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಾಫಿ ನೆಲ ಕಚ್ಚಿತು, ಜೇಮ್ಸ್ ಟೇಲರ್ ಅನ್ನೋನು ಅದಕ್ಕೆ ಮುಂಚೆನೇ, 1867ರಲ್ಲೇ, 19 ಎಕರೆಲಿ ಟೀ ಹಾಕಿ ನೋಡಿದ್ದ, ಅದೇ ದಾರಿ ಆಯ್ತು. ನಾನು ಕೇಳಿದ್ದು ಒಂದೇ, ಟೀ ಬಂದಿದ್ದು ನಿಜ, ಆದ್ರೆ ಕಾಫಿಲಿ ಮುಳುಗಿ ತೋಟ ಮಾರಿ ಹೋದವನಿಗೆ ಆ ಟೀ ಸಿಕ್ತಾ? ಲಾಭ ಬಂದಿದ್ದು ದ್ವೀಪಕ್ಕೆ, ನಷ್ಟ ಬಿದ್ದಿದ್ದು ಮನುಷ್ಯನಿಗೆ, ಇಬ್ಬರ ಖಾತೆ ಬೇರೆ. ದೂರದಿಂದ ನೋಡೋರಿಗೆ ಎರಡೂ ಒಂದೇ ಪುಸ್ತಕದಲ್ಲಿ ಕಾಣುತ್ತೆ.

ಕಾಡಿನ ಬೆಂಕಿ ಬಗ್ಗೆನೂ ಜನ ಹೀಗೇ ಮಾತಾಡ್ತಾರೆ, ಬೆಂಕಿ ಬಿದ್ರೆ ಕಾಡು ಚಿಗುರುತ್ತೆ ಅಂತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಅಂತ ಹಾಕ್ತಿದ್ರು, ಬೇಸಿಗೆ ಏರೋ ಮುಂಚೆ, ಒಣಗಿದ ಎಲೆ ಅಷ್ಟೇ ಸುಟ್ಟು ಆರಿಹೋಗೋ ಬೆಂಕಿ. ಅದನ್ನ ನಿಲ್ಲಿಸಿದ್ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿ ಮರದ ರಸ ಹೀರೋ ಬದನಿಕೆ ಜಾಸ್ತಿ ಆಯ್ತು ಅಂತ ಅವ್ರು ಹೇಳ್ತಾರೆ, ನಾನು ಅವ್ರ ಮಾತನ್ನ ನಂಬ್ತೀನಿ. ಆದ್ರೆ ಅದು ಅಳತೆ ಇರೋ ಬೆಂಕಿ. ಅದನ್ನ ತಂದು ಮನೆ ಸುಟ್ಟುಹೋದವನ ಮುಂದೆ ಹೇಳೋದು ಯಾವ ನ್ಯಾಯ?

ಕಷ್ಟ ಆದ್ಮೇಲೆ ಒಳ್ಳೇದೂ ಏನೋ ಬರೋದಕ್ಕೆ ಮನಃಶಾಸ್ತ್ರದಲ್ಲಿ ಒಂದು ಹೆಸರೂ ಇದೆ, ಆಘಾತದ ನಂತರದ ಬೆಳವಣಿಗೆ ಅಂತ. ಟೆಡೆಸ್ಕಿ ಮತ್ತೆ ಕಾಲ್ಹೂನ್ ಅಂತ ಇಬ್ರು ಅಮೆರಿಕದವ್ರು 1990ರ ದಶಕದಲ್ಲಿ ಇದರ ಬಗ್ಗೆ ಬರೆದ್ರು, ಸಂಬಂಧಗಳು ಗಟ್ಟಿ ಆಗೋದು, ಯಾವುದು ಮುಖ್ಯ ಅಂತ ಗೊತ್ತಾಗೋದು, ಹೊಸ ದಾರಿ ಕಾಣೋದು. ಅವ್ರು ಒತ್ತಿ ಹೇಳಿದ ಒಂದು ಮಾತನ್ನ ಎಲ್ರೂ ಮರೀತಾರೆ: ಆಘಾತ ಒಳ್ಳೇದಲ್ಲ, ಬೆಳವಣಿಗೆ ಬರೋದು ಅದ್ರ ಜೊತೆ ಮನುಷ್ಯ ಗುದ್ದಾಡೋದ್ರಿಂದ, ಮತ್ತೆ ಬೆಳವಣಿಗೆ ಬಂತು ಅಂತ ನೋವು ಹೋಗಲ್ಲ, ಎರಡೂ ಒಂದೇ ಮನೇಲಿ ಇರ್ತವೆ. ಶಿಲ್ಕು ತೆಗೀಬೇಡಿ ಅಂದಿದ್ದು ಇದಕ್ಕೇ.

2020ರ ನವೆಂಬರಲ್ಲಿ ಮಳೆ ಪೂರ್ತಿ ನಿಂತ ಮೇಲೆ ನಾನೇ ಅವ್ರ ಮನೆಗೆ ಹೋದೆ. ಜರಿದ ಜಾಗಕ್ಕೆ ಅವ್ರು ಹದಿನೈದು ತಿಂಗಳಿಂದ ಕಾಲಿಟ್ಟಿರ್ಲಿಲ್ಲ. ಒಳ್ಳೇದು ಹುಡುಕೋಕೆ ಹೋಗೋದಲ್ಲ, ಏನಿದೆ ಅಂತ ನೋಡ್ಕೊಂಡು ಬರೋಣ ಅಷ್ಟೇ ಅಂದೆ. ಬುಡದ ಗಟ್ಟಿ ನೆಲದಲ್ಲೇ ನಿಂತು ನೋಡಿದ್ವಿ. ಕೆಂಪು ಮಣ್ಣಿನ ಗಾಯ ಅರ್ಧ ಹಸಿರಾಗಿತ್ತು, ಅಂಚಲ್ಲೆಲ್ಲ ಜರಿಗಿಡ, ನಡುವೆ ಉಪ್ಪಳಿಗೆ ಗಿಡಗಳು ಸೊಂಟದೆತ್ತರ, ಅಗಲ ಗುಂಡನೆ ಎಲೆ, ತೊಟ್ಟು ಎಲೆ ಅಂಚಿಗಲ್ಲ ಮಧ್ಯಕ್ಕೇ ಕೂಡ್ಕೊಂಡಿರುತ್ತೆ ಛತ್ರಿ ಹಿಡಿದ ಹಾಗೆ. ಅಣ್ಣ ಅದನ್ನೆಲ್ಲ ನೋಡಿ ಕಳೆ ಅಂದ್ರು. ಮುಂದೆ ಹೋದ್ರು. ಕೊಟ್ಟಿಗೆ ಇದ್ದ ಕಡೆ ಮಣ್ಣ ಗುಡ್ಡೆ ಮೇಲೆ ಆಳುದ್ದದ ಒಂದು ಗಿಡ ನಿಂತಿತ್ತು, ಮೂರು ಮೂರು ಎಲೆ, ತೊಗಟೆ ಮೇಲೆ ಮುಳ್ಳು. ಹಾಲುವಾಣ. ಯಾರೂ ನೆಟ್ಟಿದ್ದಲ್ಲ. ಮೇಲಿದ್ದ ನೆರಳಿನ ಮರ ಮುರಿದು ಮಣ್ಣಿನ ಜೊತೆ ಉರುಳ್ಕೊಂಡು ಬಂದು ಒಂದು ಕೊಂಬೆ ಓರೆಯಾಗಿ ಹೂತ್ಕೊಂಡಿತ್ತು, ಅದು ಬೇರು ಬಿಟ್ಟು ಚಿಗುರಿದೆ. ಬೆಳೆಗಾರರು ಮಳೆಗಾಲದಲ್ಲಿ ಹಾಲುವಾಣದ ಗೂಟ ಚುಚ್ಚಿ ಮೆಣಸಿನ ಬಳ್ಳಿ ಹಬ್ಬಿಸೋದು ಹೀಗೇ ಅಲ್ವಾ, ಇಲ್ಲಿ ಗುಡ್ಡನೇ ಚುಚ್ಚಿತ್ತು. ಅಣ್ಣ ಅದ್ರ ಬುಡ ಮುಟ್ಟಿ ಅಲ್ಲಾಡಿಸಿ ನೋಡಿದ್ರು. ಅಲ್ಲಾಡ್ಲಿಲ್ಲ. ಆಮೇಲೆ ಅಲ್ಲೇ ಕೂತು ಅತ್ರು, ಹದಿನೈದು ತಿಂಗಳಲ್ಲಿ ಮೊದಲ ಸಲ ಅಂತ ಆ ಅಕ್ಕ ಆಮೇಲೆ ಹೇಳಿದ್ರು.

ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರ ಮೇ 18ಕ್ಕೆ ಸಿಡಿದಾಗಲೂ ಹೀಗೊಂದು ನಡೆದಿತ್ತು ಅಂತ ವಾಪಸ್ ಬರ್ತಾ ಹೇಳಿದೆ. 57 ಜನ ಸತ್ತಿದ್ರು, ಹತ್ತಿರದ ಬಯಲೆಲ್ಲ ಬರೀ ಬೂದಿ ಮತ್ತೆ ಹಗುರ ಕಲ್ಲು, ಅಲ್ಲಿ ಮೊದಲು ಬಂದ ಗಿಡಗಳಲ್ಲಿ ಲೂಪಿನ್ ಒಂದು, ನಮ್ಮ ಹುರುಳಿ, ಅಲಸಂದೆ, ಹಾಲುವಾಣದ ಕುಟುಂಬದ್ದೇ, ಗಾಳಿಯ ಸಾರಜನಕನ ಬೇರಿನ ಗಂಟಲ್ಲಿ ಹಿಡಿದಿಡೋ ಗುಣ ಇರೋದ್ರಿಂದ ಏನೂ ಇಲ್ಲದ ನೆಲದಲ್ಲೂ ನಿಲ್ಲುತ್ತೆ. ಬಿಲದೊಳಗಿದ್ದ ಹೆಗ್ಗಣದ ತರದ ಪ್ರಾಣಿಗಳು ಬದುಕಿ ಉಳಿದು ಹಳೆ ಮಣ್ಣನ್ನ ಬೂದಿ ಮೇಲಕ್ಕೆ ತಂದು ಹಾಕಿದ್ವು. ಅಣ್ಣ ಕೇಳ್ಕೊಂಡು, "ಅಲ್ಲಿ ಯಾರೂ ಬಂದು ಒಳ್ಳೇದಾಯ್ತು ಅಂದಿರಲ್ಲ ಅಲ್ವಾ" ಅಂದ್ರು.

ತೋಟದ ವಿಷಯ ಬೇಗ ಹೇಳಿಬಿಡ್ತೀನಿ. ಜರಿದ ಜಾಗ ಹಾಗೇ ಬಿಟ್ರು, ಅಂಚಿಗೆ ಮಣ್ಣು ಹಿಡಿದಿಡೋ ಲಾವಂಚದ ಹುಲ್ಲು ಹಾಕಿದ್ರು. ಬೋರರ್ ಹೊಡೆದ ಅರೇಬಿಕಾ ಕಿತ್ತು ತಗ್ಗಿನ ಕಡೆ ರೊಬಸ್ಟಾ ಕಾಫಿ ಇಟ್ರು, ಅದಕ್ಕೆ ಆ ಹುಳದ ಕಾಟ ಅಷ್ಟಿಲ್ಲ. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲಕ್ಕೆ 10 ಸಾವಿರ ದಾಟಿದಾಗ ಇವ್ರಿಗೆ ಮೊದಲ ಫಸಲು, ಸ್ವಲ್ಪನೇ, ಸಾಲದ ಒಂದು ಕಂತು ಹೋಯ್ತು. ಅದೇ ನೆಂಟ ಬಂದು ನೋಡಿದ್ಯಾ ನಾನು ಹೇಳಿರ್ಲಿಲ್ವಾ ಅಂದನಂತೆ. ಈ ಸಲ ಅಣ್ಣ ಎಲೆ ಬಿಟ್ಟು ಏಳಲಿಲ್ಲ. ರೇಟು ಇಳಿಯುತ್ತೆ, ಏರುತ್ತೆ, ಅದನ್ನ ಎಡಗಡೆ ಹಾಳೆಲಿ ಬರೆದಿಲ್ಲ ಅಂದ್ರು ನನ್ನ ಹತ್ರ.

ಎಡಗಡೆ ಹಾಳೆಲಿ ಇರೋದು ಒಟ್ಟು ನಾಲ್ಕೇ ಸಾಲು. ತೋರಿಸಿದ್ರು, ಬರೆಯೋಕೂ ಒಪ್ಪಿದ್ರು. "ತಮ್ಮ ಬಂದ." "ಕಾಲು ರೊಟ್ಟಿ." "ಹಾಲುವಾಣ." "ಅಮ್ಮ ಎರಡೂ ಮನೇಲಿ ಊಟ ಮಾಡಿ ತೀರ್ಕೊಂಡ್ರು." ಬಲಗಡೆ ಹನ್ನೊಂದು ಪುಟ ಇದೆ.

ತಮ್ಮ ಕೇಸ್ ವಾಪಸ್ ತಗೊಂಡ. ಇಬ್ರ ಹೆಂಡ್ತಿಯರಿಗೆ ಇನ್ನೂ ಅಷ್ಟಕ್ಕಷ್ಟೆ, ಹನ್ನೆರಡು ವರ್ಷದ ಮಾತುಗಳು ಮಣ್ಣಲ್ಲಿ ಹೋಗಲ್ಲ, ಅದಕ್ಕೆ ಬೇರೆ ಕೆಲಸ ಬೇಕು.

2024ರ ಜುಲೈ 30ಕ್ಕೆ ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದ ಸುದ್ದಿ ಬಂದಾಗ ಅಣ್ಣ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದ್ರು, ಎರಡು ವಾರದ ಹಿಂದಷ್ಟೇ ಉತ್ತರ ಕನ್ನಡದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದಿತ್ತು. ಟಿವಿ ಆಫ್ ಮಾಡಿ ಅಂದೆ. ಮಾಡಿದ್ರು. ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ. "ಅವ್ರ ಹತ್ರ ಯಾರೂ ಹೋಗಿ ಆ ಮಾತು ಹೇಳದೇ ಇರ್ಲಿ ಮೇಡಂ" ಅಂದ್ರು.

ನನ್ನ ಹತ್ರ ಇದ್ದ ಕೇಸ್ ಯಾವಾಗಲೋ ಮುಗಿದಿದೆ, ಔಷಧನೂ ವೈದ್ಯರೇ ನಿಧಾನಕ್ಕೆ ಇಳಿಸಿ ನಿಲ್ಲಿಸಿದಾರೆ. ಆದ್ರೂ ವರ್ಷಕ್ಕೊಂದು ಸಲ, ಆಗಸ್ಟಿಗೆ ಮುಂಚೆ, ಬಂದು ಒಂದು ಗಂಟೆ ಕೂತು ಹೋಗ್ತಾರೆ. ಈ ಸಲದ್ದು ಜುಲೈ ಕೊನೇ ವಾರಕ್ಕೆ ಬರೆದಿಟ್ಟಿದೀನಿ. ಇಬ್ರಿಗೆ ಟೈಮ್ ಇಡಿ ಮೇಡಂ ಅಂದ್ರು ಫೋನಲ್ಲಿ. ತಮ್ಮನೂ ಬರ್ತಾನಂತೆ, ಆ ರಾತ್ರಿಯಿಂದ ಅವನಿಗೂ ಮಳೆ ಬಂದ್ರೆ ನಿದ್ದೆ ಇಲ್ವಂತೆ, ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ, ಮೊನ್ನೆ ಅಣ್ಣನ ಹತ್ರ ಹೇಳಿದ್ನಂತೆ.